ಎದುರು ಕಿಟಕಿಯ ಚಿಲಕ

ಯಾರ ಮನೆಗೆ ಕೂಲರ್ ಕೂರಿಸಲು ಹೋದರೂ ಅವರು ಮೊದಲು ಕೂಲರ್ ಇಡುವ ಜಾಗವನ್ನು ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ನೇರ ಎದುರಿನ ಗೋಡೆಗೆ ಹೋಗುತ್ತಿದ್ದರು. ಅಲ್ಲಿ ಕಿಟಕಿ ಇದ್ದರೆ ತೆರೆದು, ಒಂದು ಊದಿನಕಡ್ಡಿ ಹಚ್ಚಿ ಹಿಡಿದು, ಹೊಗೆ ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದರು. ಹೊಗೆ ಹೊರಗೆ ಹೋದರೆ ಅವರ ಮುಖಕ್ಕೊಂದು ಸಮಾಧಾನ. ಆಮೇಲೆ ಸ್ಕ್ರೂಡ್ರೈವರ್ ತೆಗೆದು ಆ ಕಿಟಕಿಯ ಚಿಲಕವನ್ನು ಬಿಚ್ಚಿ ತಮ್ಮ ಖಾಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಮನೆಯವರು ಕಂಗಾಲಾಗುತ್ತಿದ್ದರು.

"ಏ ಅಣ್ಣಾ, ಕೂಲರ್ ಹಚ್ಚಾಕ ಕರದ್ರ ಚಿಲಕ ಕಿತ್ತಾಕತ್ತೀಯಲ್ಲ!"

"ಮಳಿ ಬಿದ್ದ ಮ್ಯಾಲ ನಾನ ತಂದು ಹಚ್ಚತೀನ್ರೀ. ಅಲ್ಲೀತನಕ ನನ್ನ ಹತ್ರ ಇರಲಿ. ನಿಮ್ಮ ಕೈ ಸುಮ್ಮ ಇರಂಗಿಲ್ಲ."

"ಕಳ್ಳ ಬಂದ್ರ ಏನ್ ಮಾಡೋಣು?"

"ಬರಲಿ ಬಿಡ್ರೀ. ಅವನೂ ಒಂದೀಟು ತಂಪಿನ್ಯಾಗ ಕುಂತು ಹೋಗ್ತಾನ."

ಪ್ರತಿ ಚಿಲಕಕ್ಕೂ ಅವರು ದಾರದಲ್ಲಿ ಒಂದು ಚೀಟಿ ಕಟ್ಟುತ್ತಿದ್ದರು. ಮನೆಯವರ ಹೆಸರು, ಓಣಿ, ಯಾವ ದಿಕ್ಕಿನ ಕಿಟಕಿ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಬಸ್ಸಿನಲ್ಲಿ ತಿರುಗುತ್ತ ಎಲ್ಲರ ಚಿಲಕಗಳನ್ನೂ ಅವರವರ ಕಿಟಕಿಗೆ ಹಚ್ಚಿ ಬರುತ್ತಿದ್ದರು. ಆ ಕೆಲಸಕ್ಕೆ ಯಾರೂ ಅವರನ್ನು ಕರೆದಿರುತ್ತಿರಲಿಲ್ಲ.

ಈ ಬೇಸಿಗೆಯ ಕೊನೆಯಲ್ಲಿ ಅವರು ಮಸ್ಕಿಯ ತಮ್ಮ ಮನೆಯಲ್ಲಿ ತೀರಿಹೋದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಚೀಟಿ ಬರೆದರೂ ಒಂದರಲ್ಲೂ ತಮ್ಮ ಹೆಸರು ಹಾಕಿಕೊಳ್ಳದವರು. ಅದನ್ನು ನಾನೇಕೆ ಹಾಕಲಿ? ಇನ್ನೊಂದು ಕಾರಣವೂ ಇದೆ. ಇದು ಅವರ ಚಿತ್ರ ಎಂದು ಬರೆಯಲು ಕೂತಿದ್ದೇನೆ. ಬರೆಯುತ್ತ ಹೋದಂತೆ ಯಾರ ಚಿತ್ರವಾಗುತ್ತದೋ ನನಗೆ ಖಾತ್ರಿಯಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತು. ನಾನು ವಿಶ್ವವಿದ್ಯಾಲಯದಿಂದ ಎಂ.ಎ. ಮುಗಿಸಿ ಬಂದು, ಬೇರೇನೂ ಸಿಗದೆ, ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಮನೆಗೆ ಕಡಿಮೆ ಕರೆಂಟು ಎಳೆಯುವ ಕೂಲರ್ ಹಾಕಿಸಿಕೊಂಡವರಿಗೆ ಸರ್ಕಾರ ರಿಯಾಯಿತಿ ಕೊಡುತ್ತಿತ್ತು. ಯೋಜನೆಯ ಪೂರ್ತಿ ಹೆಸರು ಈಗ ನೆನಪಿಲ್ಲ. ನನ್ನ ದಿನಚರಿಯಲ್ಲೂ 'ರಿಯಾಯಿತಿ ಕೆಲಸ' ಎಂದಷ್ಟೇ ಇದೆ. ಮನೆಗೆ ಹೋಗಿ, ಕೂಲರ್ ನಿಜವಾಗಿ ಕೂತಿದೆಯೇ, ಅದರ ಮೋಟರು ಸಣ್ಣದೇ ಎಂದು ನೋಡಿ, ಅರ್ಜಿಯ ಕಾಲಮುಗಳನ್ನು ತುಂಬಿ ತರುವುದು ನನ್ನ ಕೆಲಸ. ಕೂರಿಸುವುದು ಅವರದು. ಸಿಂಧನೂರಿನಲ್ಲಿ ಅವರಿಗೆ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತುವ ಕೈಗಳಿಂದಲೇ ಅರ್ಧ ಕರೆಂಟಿನಲ್ಲಿ ತಿರುಗುವ ಸಣ್ಣ ಮೋಟರನ್ನೂ ಸುತ್ತುತ್ತಿದ್ದರು.

ಅರ್ಜಿಯ ಕೊನೆಯ ಕಾಲಂ ಹೀಗಿತ್ತು: 'ಕೂಲರಿನ ಎದುರು ಕಿಟಕಿ ತೆರೆದಿದೆಯೇ?' ಅದನ್ನು ಸಾಹೇಬರ ಬೆನ್ನುಬಿದ್ದು ಸೇರಿಸಿದವರು ಅವರೇ ಎಂದು ಕಚೇರಿಯಲ್ಲಿ ಎಲ್ಲರೂ ನಗುತ್ತಿದ್ದರು.

ಅವರ ಬೆನ್ನುಬೀಳುವಿಕೆಗೆ ಕಾರಣವಿತ್ತು. ನಮ್ಮ ಜನ ಏಸಿಯನ್ನು ದೊಡ್ಡ ಊರಿನ ಲಾಡ್ಜಿನಲ್ಲೋ ಬ್ಯಾಂಕಿನ ಮ್ಯಾನೇಜರ ಕೋಣೆಯಲ್ಲೋ ಒಮ್ಮೆ ನೋಡಿ ಬಂದವರು. ಕೂಲರ್ ಬಂದ ದಿನವೇ ಕದ, ಕಿಟಕಿ ಎಲ್ಲ ಮುಚ್ಚುತ್ತಿದ್ದರು. ಸಿಂಧನೂರಿನ ಅಕ್ಕಿ ವ್ಯಾಪಾರಿಯೊಬ್ಬರು ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಕೂತಿದ್ದರು. ನಾವು ಹೋದಾಗ ಅವರ ಬನಿಯನ್ನು ಮೈಗೆ ಅಂಟಿತ್ತು.

"ಏನಪಾ ಇದು, ತಂಪು ಬಾ ಅಂದ್ರ ಮೈಯೆಲ್ಲಾ ಅಂಟಂಟು ಆಗಾಕತ್ತೈತಿ. ಸರ್ಕಾರದ್ದು ರಿಯಾಯತಿ ಅಂದಕೂಡ್ಲೇ ಮಾಲೂ ಹಂಗ ಇರತೈತೇನು?"

"ಸಾವ್ಕಾರ್ರ, ಏಸಿ ಹವಾ ಹಿಡಿದಿಟ್ಟು ತಂಪು ಮಾಡ್ತೈತಿ. ಇದು ಬಡವ್ರದು, ಹವಾ ದಾಟಿಸಿ ತಂಪು ಮಾಡ್ತೈತಿ. ದಾಟಾಕ ಹಾದಿ ಬಿಡ್ರಿ." ಹಾಗೆನ್ನುತ್ತಲೇ ಗೋಣಿಚೀಲವನ್ನು ಕಾಲಿನಿಂದ ಸರಿಸಿ, ಚಿಲಕಕ್ಕೆ ಕೈಹಾಕಿದ್ದರು.

ಒಮ್ಮೆ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಒಂದು ಮನೆಗೆ ಹೋದೆವು. ಆ ಮನೆಯ ಹೆಂಗಸು ಗೋಡೆಯ ಎರಡೂ ಕಡೆ ಬಿದಿರ ತಟ್ಟಿಯ ಕಿಂಡಿ ಬಿಟ್ಟಿದ್ದಳು. ಗಾಳಿ ಸೊಂಯ್ಯೆಂದು ದಾಟುತ್ತಿತ್ತು. ಇವರು ಊದಿನಕಡ್ಡಿಯನ್ನು ಹಚ್ಚಲೂ ಇಲ್ಲ. ಬಿಚ್ಚಲು ಚಿಲಕವೇ ಇಲ್ಲದ ಆ ಮನೆಯಲ್ಲಿ ಕೈಕಟ್ಟಿ ನಿಂತು, "ಈ ಅಕ್ಕಾರಿಂದ ನಾ ಕಲೀಬೇಕ್ರೀ ಸರ," ಅಂದರು. ಅವಳಿಗೆ ಕನ್ನಡ ಅಷ್ಟು ಬರುತ್ತಿರಲಿಲ್ಲ. ತನ್ನನ್ನು ಬೈಯುತ್ತಿದ್ದಾರೆ ಅಂದುಕೊಂಡು ಚಹ ತರಲು ಒಳಗೆ ಓಡಿದಳು.

ನನ್ನನ್ನು ಅವರು ಒಮ್ಮೆ ಬೈದದ್ದಿದೆ. ಹೊತ್ತುಗೊತ್ತಿಲ್ಲದ ಬಸ್ಸುಗಳಲ್ಲಿ ದಿನಕ್ಕೆ ಐದಾರು ಮನೆ ನೋಡಬೇಕಾಗಿದ್ದ ನಾನು, ಸಮಯ ಉಳಿಸಲು ಕೊನೆಯ ಕಾಲಮಿನಲ್ಲಿ 'ಹೌದು' ಎಂದು ನನ್ನ ಕೋಣೆಯಲ್ಲೇ ಮೊದಲೇ ಬರೆದುಕೊಂಡು ಹೊರಡುತ್ತಿದ್ದೆ. ಅದು ಅವರ ಕಣ್ಣಿಗೆ ಬಿತ್ತು.

"ಕಿಡಕಿ ನೋಡದ ಹೌದು ಬರಕೊಂಡು ಬಂದೀರೇನ್ರೀ?"

"ನೀವು ಹಾಕಿದ ಮ್ಯಾಲ ತೆರದ ಇರ್ತದಲ್ಲ."

"ನಾ ಹಾಕಿರತೀನ್ರೀ. ಆಮ್ಯಾಲ ಮಂದಿ ಇರತಾರಲ್ಲ." ಕಾಗದವನ್ನು ನನ್ನ ಕೈಗೆ ಮರಳಿಸಿದರು. "ಓದಿದವ್ರು ನೀವು. ಒಂದು ಸಲ ಕತ್ತೆತ್ತಿ ನೋಡಾಕ ಏನಾಗೈತಿ?"

ಆ ದಿನ ನಾಚಿಕೆಯಾಯಿತು. ಅಭ್ಯಾಸ ಮಾತ್ರ ಬಿಡಲಿಲ್ಲ.

ಅವರು ಇಷ್ಟು ಗಾಳಿಯ ಹಿಂದೆ ಬಿದ್ದದ್ದು ಏಕೆಂದು ತಿಳಿದದ್ದು ಮಸ್ಕಿಯ ಅವರ ಮನೆಗೆ ಹೋದಾಗ. ಎಂಟೊಂಬತ್ತು ವರ್ಷದ ಹುಡುಗಿ ತಲೆಯ ಮೇಲೆ ಒದ್ದೆ ಟವೆಲ್ಲು ಹೊದ್ದು ಪಡಸಾಲೆಯಲ್ಲಿ ಕೂತಿದ್ದಳು. ತೆಳ್ಳನೆಯ ಕೂದಲು, ಅಲ್ಲೊಂದು ಇಲ್ಲೊಂದು ಚೂಪು ಹಲ್ಲು. ಅವರ ಒಬ್ಬಳೇ ಮಗಳು ಗಂಗಮ್ಮ. ಹುಟ್ಟಿದಾಗಿನಿಂದ ಅವಳಿಗೆ ಬೆವರು ಬರುತ್ತಿರಲಿಲ್ಲ. ಬಿಸಿಲು ಏರಿದರೆ ಮೈ ಕಾದ ಹಂಚಿನಂತಾಗುತ್ತಿತ್ತು. ರಾಯಚೂರಿನ ಡಾಕ್ಟರು ಇದಕ್ಕೆ ಔಷಧವಿಲ್ಲ, ತಂಪಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಹೀಗಾಗಿ ಅವರು ತಂಪನ್ನು ಕಲಿಯಲು ಹೊರಟರು. ಒದ್ದೆ ಬಟ್ಟೆ ಸಾಲದು, ಅದರ ಮೇಲೆ ಗಾಳಿ ದಾಟಬೇಕು ಎಂಬುದನ್ನು ಅವರು ಕಲಿತದ್ದು ಆ ಮಗುವಿನ ಹಣೆಯ ಮೇಲೆ ಕೈಯಿಟ್ಟು.

ಬಿಸಿಲಲ್ಲಿ ಬಂದ ನನ್ನ ಮುಖ ತೊಯ್ದಿತ್ತು. ಗಂಗಮ್ಮ ಹತ್ತಿರ ಬಂದು ನೋಡಿದಳು.

"ಸರ, ಅದು ಒಳಗಿಂದ ಬರತೈತೇನ್ರೀ?"

"ಹೂಂ."

"ಬರೋ ಮುಂದ ನೋಯ್ತೈತಿ?"

"ಇಲ್ಲವ್ವಾ. ಗೊತ್ತಾಗಂಗಿಲ್ಲ."

ಅವಳು ಒಂದು ಬೆರಳು ಚಾಚಿ ನನ್ನ ಹಣೆ ಮುಟ್ಟಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದು, ನಾಲಿಗೆಗೆ ತಾಗಿಸಿ ಮುಖ ಕಿವುಚಿದಳು. "ಅಪ್ಪಾ, ಸರ ಉಪ್ಪಿನಕಾಯಿ ಅದಾರ!"

ಅವರು ಅಂದು ನಕ್ಕ ಹಾಗೆ ಮತ್ತೆ ನಕ್ಕದ್ದನ್ನು ನಾನು ನೋಡಲಿಲ್ಲ.

ಹೋಳಿ ಮುಗಿಯುತ್ತಲೇ ಅವಳ ಶಾಲೆ ನಿಲ್ಲುತ್ತಿತ್ತು. ತಗಡಿನ ಚಾವಣಿಯ ಆ ಕೋಣೆಯಲ್ಲಿ ಅವಳನ್ನು ಕೂರಿಸುವಂತಿರಲಿಲ್ಲ. ಅಲ್ಲಿಗೂ ಒಂದು ಕೂಲರ್ ಬೇಕೆಂಬುದು ಅವರ ಹಟ. ರಿಯಾಯಿತಿ ಮನೆಗಳಿಗೆ ಮಾತ್ರ ಎಂದು ಕಚೇರಿ ಹೇಳಿತ್ತು. "ದೊಡ್ಡ ಸಾಹೇಬ್ರು ಬರಲಿ, ಕೇಳತೀನಿ," ಅನ್ನುತ್ತಿದ್ದರು.

ದೊಡ್ಡ ಸಾಹೇಬರು ಬರುವ ದಿನ ಬಂತು. ಯೋಜನೆಯನ್ನು ಮುಂದಿನ ಬೇಸಿಗೆಗೂ ನಡೆಸಬೇಕೋ ಬೇಡವೋ ಎಂದು ನೋಡಲು ಲಿಂಗಸುಗೂರಿನ ನಮ್ಮ ಕಚೇರಿಗೆ ಬರುವವರಿದ್ದರು. ಕೂಲರ್ ನಡೆಸಿ ತೋರಿಸಲು ಇವರು ಇರಲೇಬೇಕು. ಅದೇ ವಾರ ಮಸ್ಕಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಅವರ ಓಣಿಗೆ ಕರೆಂಟು ಇರಲಿಲ್ಲ. ಕಾಲು ಮುರಿದುಕೊಂಡ ತಾಯಿಯನ್ನು ನೋಡಿಕೊಳ್ಳಲು ಅವರ ಹೆಂಡತಿ ತವರೂರು ವಳಕಮದಿನ್ನಿಗೆ ಹೋಗಿದ್ದರು. ಹೀಗಾಗಿ ಅವರು ಬೆಳಗಿನ ಮೊದಲ ಬಸ್ಸಿಗೆ ಗಂಗಮ್ಮನನ್ನೂ ಕರೆದುಕೊಂಡು ನನ್ನ ಬಾಡಿಗೆ ಕೋಣೆಗೆ ಬಂದರು. ಅಲ್ಲಿ ಅವರೇ ಹಾಕಿದ ಕೂಲರ್ ಇತ್ತು. ಎದುರಿಗೆ ಹಸಿರು ಬಣ್ಣದ ಕಿಟಕಿ. ಅದರ ಚಿಲಕ ಆಗಲೇ ಅವರ ಚೀಲ ಸೇರಿತ್ತು.

ನೀರು ತುಂಬಿದರು. ಹಸಿ ಧೋತರ ಹೊದಿಸಿ ಮಗಳನ್ನು ಮಲಗಿಸಿದರು. ಊದಿನಕಡ್ಡಿ ಹಚ್ಚಿ ನೋಡಿದರು.

"ಕರೆಂಟ್ ಹೋದ್ರೂ ಚಿಂತಿಲ್ರೀ ಸರ. ಕಿಡಕಿ ತೆರದಿತ್ತಂದ್ರ ಹಸಿ ಧೋತ್ರದಾಗ ಆರಾಮ ಇರತಾಳ."

ಮನೆಯ ಅವ್ವನಿಗೆ ಆಗಾಗ ಧೋತರದ ಮೇಲೆ ನೀರು ಚಿಮುಕಿಸಲು ಹೇಳಿದರು. ಅವ್ವ ಅಂದರೆ ನನ್ನ ಮನೆಯೊಡತಿ, ಹಣೆ ತುಂಬ ವಿಭೂತಿಯ ವಿಧವೆ. ನನಗೆ ದಿನಾ ಬಿಸಿ ರೊಟ್ಟಿ ಹಾಕುತ್ತಿದ್ದವರು. "ನನ್ನ ಮೊಮ್ಮಗಳಂಗ ನೋಡ್ಕೋತೀನಿ, ನೀ ಹೋಗಪಾ," ಅಂದರು. ಗಂಗಮ್ಮನ ತಂದೆ ಕಚೇರಿಗೆ ಹೋದರು. ಒಂದು ಗಂಟೆಯ ಮೇಲೆ ನಾನೂ ಹೋದೆ.

ಇಲ್ಲಿಂದ ಮುಂದಿನದು ನನಗೆ ಯಾವಾಗಲೂ ಸ್ಪಷ್ಟವಾಗಿ ನೆನಪಿತ್ತು. ಹನ್ನೊಂದಕ್ಕೆ ಕರೆಂಟು ಹೋಯಿತು. ಸಾಹೇಬರು ತಡವಾಗಿ ಬಂದರು. ಇವರು ಶಾಲೆಯ ಮಾತು ತೆಗೆದಾಗ, "ಮನೆಗೆ ಮಾತ್ರ ರೀ, ಮನೆಗೆ ಮಾತ್ರ," ಎಂದು ಎರಡು ಸಲ ಅಂದರು. ಅಷ್ಟರಲ್ಲಿ ಪಕ್ಕದ ಮನೆಯವರು ಓಡಿಬಂದು ಕೂಸಿನ ಮೈ ಸುಡುತ್ತಿದೆ ಎಂದರು. ಇವರು ಮುಂದೆ ಓಡಿದರು, ನಾನು ಹಿಂದೆ. ನಾನು ಕೋಣೆ ಮುಟ್ಟುವ ಹೊತ್ತಿಗೆ ಕಿಟಕಿ ತೆರೆದಿತ್ತು, ಅವರು ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದರು. ಅವ್ವ ಗೋಡೆಗೆ ಒರಗಿ, "ಕಿಡಕಿ ಮುಚ್ಚಿತ್ತು, ಕಿಡಕಿ ಮುಚ್ಚಿತ್ತು," ಅನ್ನುತ್ತಿದ್ದರು. ಎರಡು ಸಲ ಬಂದು ನೀರು ಚಿಮುಕಿಸಿ ಹೋಗಿದ್ದರಂತೆ. ಕೋಣೆ ಕತ್ತಲಿದ್ದುದನ್ನು ನೋಡಿ ತಂಪಾಗಿದೆ ಎಂದುಕೊಂಡಿದ್ದರಂತೆ.

ಗಂಗಮ್ಮ ಸಂಜೆ ದವಾಖಾನೆಯಲ್ಲಿ ಹೋದಳು.

ಚಿಲಕವಿಲ್ಲದ ಕಿಟಕಿಯನ್ನು ಮುಚ್ಚಿದವರು ಯಾರು ಎಂದು ಜನ ಕೇಳಿದರು. ನಾನು ಹೋಗುವಾಗ ತೆರೆದೇ ಇತ್ತು ಎಂದೆ. ಸುಳ್ಳು ಹೇಳುತ್ತಿದ್ದೇನೆ ಅನಿಸಲಿಲ್ಲ. ಮನೆಯಲ್ಲಿ ಉಳಿದವರು ಅವ್ವ ಒಬ್ಬರೇ. "ನಾ ಮುಚ್ಚಿದ್ನೇನೋ ಯಪ್ಪಾ, ನನಗ ಖಬರಿಲ್ಲ," ಎಂದು ಅವರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಗ ಗಂಗಮ್ಮನ ತಂದೆ ಎದ್ದು ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನೀವು ಮುಚ್ಚಿಲ್ಲ ಬಿಡ್ರೆವ್ವಾ. ನೀವು ಮುಚ್ಚಿಲ್ಲ."

ಎಂಥ ದೊಡ್ಡ ಮನಸ್ಸು ಎಂದು ಆ ವಾರ ದಿನಚರಿಯಲ್ಲಿ ಬರೆದಿದ್ದೇನೆ.

ಆ ವರ್ಷವೂ ಮಳೆ ಬಿತ್ತು. ಅವರು ಎಲ್ಲರ ಚಿಲಕ ಮುಟ್ಟಿಸಿದರು. ನನ್ನ ಕೋಣೆಗೆ ಬರಲಿಲ್ಲ. ಆ ಕೋಣೆಗೆ ಕಾಲಿಡಲಾರರು, ನಾನಾದರೂ ಹೇಗೆ ಕೇಳಲಿ ಎಂದು ಸುಮ್ಮನಾದೆ. ಮುಂದಿನ ಬೇಸಿಗೆಗೆ ಯೋಜನೆ ನಿಂತುಹೋಯಿತು. ನನಗೆ ರಾಯಚೂರಿನಲ್ಲಿ ಕಾಯಂ ನೌಕರಿಯಾಯಿತು. ಅಲ್ಲಿಗೂ ಅವರು ಬರುತ್ತಿದ್ದರು, ವರ್ಷಕ್ಕೆ ಎರಡು ಸಲ. ನನ್ನ ಮನೆಗೆ ಕೂಲರ್ ಹಾಕಿ, ಎದುರು ಕಿಟಕಿಯ ಚಿಲಕ ಒಯ್ದು, ಜೂನಿನಲ್ಲಿ ತಂದು ಹಚ್ಚುತ್ತಿದ್ದರು. ರಿಯಾಯಿತಿ ನಿಂತರೂ ಅವರ ಪದ್ಧತಿ ನಿಲ್ಲಲಿಲ್ಲ. ಮಗಳ ಮಾತು ಬರುತ್ತಿರಲಿಲ್ಲ. ಒಮ್ಮೆ ಮಾತ್ರ, ಚಹ ಕುಡಿಯುತ್ತ ನನ್ನ ಮೇಜಿನ ಮೇಲಿದ್ದ ದಿನಚರಿಯನ್ನು ನೋಡಿ ಕೇಳಿದರು:

"ದಿನಾ ಬರೀತೀರೇನ್ರೀ ಸರ?"

"ಹೂಂ, ದಿನಾ."

"ಆ ದಿನಾನೂ ಬರದೀರಿ?"

"ಬರದಿರಬೇಕು."

"ಏನು ಬರದೀರಿ?"

"ನೆನಪಿಲ್ರೀ. ತೆಗದು ನೋಡಿಲ್ಲ."

ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ, "ಹೋಗ್ಲಿ ಬಿಡ್ರಿ," ಎಂದು ಬಸಿಯಲ್ಲಿ ಉಳಿದ ಚಹ ಕುಡಿದರು.

ತೆಗೆದು ನೋಡಬಹುದಿತ್ತು. ಕೈಗೆ ನಿಲುಕುವಷ್ಟೇ ದೂರದಲ್ಲಿತ್ತು.

ಅವರು ಹೋದ ಸುದ್ದಿ ತಡವಾಗಿ ತಿಳಿದು ಕಳೆದ ವಾರ ಮಸ್ಕಿಗೆ ಹೋದೆ. ಅವರ ಹೆಂಡತಿ ಖಾಕಿ ಚೀಲ ತಂದು ಮುಂದಿಟ್ಟರು. ಈ ಬೇಸಿಗೆ ಬಿಚ್ಚಿದ ಚಿಲಕಗಳು. ಮಳೆ ಬೀಳುವ ಮೊದಲೇ ಅವರು ಹೋಗಿದ್ದರಿಂದ ಅವನ್ನು ತಾವೇ ಊರೂರಿಗೆ ಕಳಿಸುತ್ತಿರುವುದಾಗಿ ಹೇಳಿದರು. ಚೀಲದ ಒಳಜೇಬಿನಿಂದ ಕಾಗದ ಸುತ್ತಿದ ಸಣ್ಣದೊಂದು ಪೊಟ್ಟಣ ತೆಗೆದರು.

"ಇದು ಹಳೇದು. ನಿಮ್ಮ ಹೆಸರಿನ ಚೀಟಿ ಐತಿ. ಒಮ್ಮೊಮ್ಮೆ ತೆಗದು ಕೈಯಾಗ ಹಿಡಕೊಂಡು ಕುಂದರತಿದ್ರು. ಕೊಟ್ಟು ಬರ್ರಿ ಅಂದ್ರ, ಇನ್ನೊಮ್ಮಿ ನೋಡೂಣು ಅಂತಿದ್ರು. ಹಿಂದಿನ್ವು ಎಲ್ಲಾರದೂ ಮುಟ್ಟಿಸ್ಯಾರ. ನಿಮ್ದೊಂದ ಉಳದಿತ್ತು."

ಅದರಲ್ಲಿ ಏನಿದೆಯೆಂದು ಆಕೆಗೆ ಗೊತ್ತಿತ್ತೇ? ಆಕೆಯ ಮುಖ ನೋಡಿದೆ. ತಿಳಿಯಲಿಲ್ಲ.

ಬಸ್ಸಿನಲ್ಲಿ ಬಿಚ್ಚಿದೆ. ಚಿಲಕ. ಚೀಟಿ. ಸುತ್ತಿದ್ದ ಕಾಗದ ರಿಯಾಯಿತಿಯ ಅರ್ಜಿ, ಬಳಗಾನೂರಿನ ರೈತರೊಬ್ಬರದು. ಅಕ್ಷರ ನನ್ನದು. ಅದನ್ನು ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಒಂದು ಸಲ ಗಟ್ಟಿಯಾಗಿ ಮಡಿಚಲಾಗಿತ್ತು. ಮಡಿಕೆಯ ಮೇಲೆ ಕಿಟಕಿಯ ಸಂದಿಗೆ ಒತ್ತಿದ ಗೀರು, ಗೀರಿನುದ್ದಕ್ಕೂ ಹಸಿರು ಬಣ್ಣದ ಚೂರು. ಕೊನೆಯ ಕಾಲಂ: 'ಕೂಲರಿನ ಎದುರು ಕಿಟಕಿ ತೆರೆದಿದೆಯೇ?' ಮುಂದೆ, ನನ್ನದೇ ಕೈಯ ದುಂಡನೆಯ 'ಹೌದು'.

ಮನೆಗೆ ಬಂದು ಆ ವರ್ಷದ ದಿನಚರಿ ತೆಗೆದೆ. ಆ ದಿನದ ಪುಟದಲ್ಲಿ ಗಂಗಮ್ಮನ ಸಾವು. ಎರಡು ದಿನದ ನಂತರದ ಪುಟದಲ್ಲಿ ಒಂದು ಸಾಲು: 'ಬಳಗಾನೂರಿನ ಅರ್ಜಿ ಎಲ್ಲೂ ಸಿಗುತ್ತಿಲ್ಲ. ಇನ್ನೊಂದು ಬರೆದೆ.' ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ಮೇಜಿನ ಕಾಗದಗಳನ್ನು, ಸರ್ಕಾರದ್ದು ಎಂಬ ಹೆದರಿಕೆಯಿಂದ, ಅವರು ಮುಟ್ಟುತ್ತಲೂ ಇರಲಿಲ್ಲ.

ಈಗ ನೆನಪಾಗುತ್ತಿದೆ. ಗಾಳಿ ಎದ್ದಿತ್ತು. ಮೇಜಿನ ಅರ್ಜಿಗಳು ಹಾರುತ್ತಿದ್ದವು. ನಿದ್ದೆಗಣ್ಣಿನ ಹುಡುಗಿ, "ಸರ, ಕಿಡಕಿ ಬಡಕೊಳ್ಳಾಕತ್ತೈತ್ರಿ," ಅಂದಳು. ನಾನು ಕಿಟಕಿ ಮುಚ್ಚಿ, ಕೈಗೆ ಸಿಕ್ಕ ಕಾಗದ ಮಡಿಚಿ ಸಂದಿಗೆ ತುರುಕಿದೆ. ಹೀಗೆ ನಡೆಯಿತೇ, ಅಥವಾ ಕಾಗದ ನೋಡಿದ ಮೇಲೆ ಮನಸ್ಸು ಇದನ್ನೆಲ್ಲ ಹೊಸದಾಗಿ ಕಟ್ಟಿಕೊಡುತ್ತಿದೆಯೇ? ಅವಳ ಆ ಮಾತನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಹಸಿರು ಬಣ್ಣದ ಚೂರನ್ನು ಮಾತ್ರ ಹೇಳಬಲ್ಲೆ.

ಅವರು ಓಡಿಹೋಗಿ, ಎಂದಿನಂತೆ, ಮೊದಲು ಎದುರು ಗೋಡೆಗೇ ಹೋಗಿರಬೇಕು. ಕಿಟಕಿ ಜಗ್ಗಿದಾಗ ಕಾಗದ ಅವರ ಕೈಗೆ ಬಂದಿರಬೇಕು. ಅವ್ವನ ಮುಂದೆ ಕೂತು "ನೀವು ಮುಚ್ಚಿಲ್ಲ" ಎಂದದ್ದು ದೊಡ್ಡ ಮನಸ್ಸಿನ ಮಾತಾಗಿರಲಿಲ್ಲ. ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ನನ್ನ ಮನೆಗೆ ಬಂದು, ನನ್ನ ಚಹ ಕುಡಿದು, ನಾನಾಗಿ ಹೇಳಲಿ ಎಂದು ಕಾದರು. ಅಥವಾ ಕಾಯಲಿಲ್ಲವೇನೋ. ಅದನ್ನೂ ನಾನು ನನಗೆ ಅನುಕೂಲವಾಗುವಂತೆ ಬರೆದುಕೊಳ್ಳುತ್ತಿರಬಹುದು.

ನಿನ್ನೆ ಲಿಂಗಸುಗೂರಿಗೆ ಹೋದೆ. ಅವ್ವ ಇದ್ದಾರೆ. ಬೆನ್ನು ಬಾಗಿದೆ, ವಿಭೂತಿ ಮಾಸಿಲ್ಲ. ಆ ಕೋಣೆಯನ್ನು ನನ್ನ ನಂತರ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಹಸಿರು ಕಿಟಕಿಯ ಬಾಗಿಲನ್ನು ಹೊರಗಿನ ಸರಳಿಗೆ ಹಗ್ಗದಿಂದ ಎಳೆದು ಕಟ್ಟಿದ್ದರು. ಮುಚ್ಚಿಕೊಳ್ಳದಂತೆ. ಮಳೆ ಬಡಿದು ಬಡಿದು ಕೆಳಗಿನ ಗೋಡೆಯ ಗಾರೆ ಉದುರಿತ್ತು.

ಹೇಳಿದೆ. ತಡವರಿಸದೆ ಹೇಳಿದೆ. ಕಿಟಕಿ ಮುಚ್ಚಿದವನು ನಾನು, ನೀವಲ್ಲ, ಸಾಕ್ಷಿ ಇಲ್ಲಿದೆ ಎಂದೆ.

ಅವರು ನನ್ನ ತಲೆ ಸವರಿದರು.

"ಅವನೂ ಹಂಗ ಅಂದು ಹೋದ, ನೀವು ಮುಚ್ಚಿಲ್ಲ ಅಂತ. ನೀನೂ ಅಂತೀದಿ. ಒಳ್ಳೇ ಮಕ್ಕಳು ನೀವು. ನಾನ ಮುಚ್ಚೀನಿ ಯಪ್ಪಾ. ಧೂಳು ಬರಾಕತ್ತಿತ್ತು. ಕೂಸು ಮಕ್ಕೊಂಡಿತ್ತು. ಈ ಕೈಲೆ ಮುಚ್ಚೀನಿ. ನನಗ ಕಣ್ಣಿಗೆ ಕಟ್ಟಿದಂಗ ಐತಿ."

"ಇಲ್ಲವ್ವಾ. ಅವತ್ತು ನಿಮಗ ನೆನಪ ಇರಲಿಲ್ಲ."

"ಅವತ್ತು ಇರಲಿಲ್ಲ. ಆಮ್ಯಾಲ ಬಂತು."

ಚಿಲಕ ತೆಗೆದು ತೋರಿಸಿದೆ. ಅವರು ಬೇಡವೆಂದು ತಲೆಯಾಡಿಸಿ, ಗೋಡೆ ಹಿಡಿದು ಎದ್ದು ಹೋಗಿ, ಹಗ್ಗದ ಗಂಟು ಬಿಗಿಯಾಗಿದೆಯೇ ಎಂದು ಜಗ್ಗಿ ನೋಡಿದರು. ಆಮೇಲೆ ನನ್ನ ಕೈಯ ಕಾಗದದ ಕಡೆ ಬೆರಳು ತೋರಿದರು.

"ಏನು ಬರದೈತಿ ಅದ್ರಾಗ? ಓದು."

ಓದಿದೆ. ಬಳಗಾನೂರಿನ ರೈತರ ಹೆಸರು, ಮೋಟರಿನ ಅಳತೆ, ಎಲ್ಲ ಓದಿ ಕೊನೆಯ ಕಾಲಮಿಗೆ ಬಂದೆ. "ಕೂಲರಿನ ಎದುರು ಕಿಟಕಿ ತೆರೆದಿದೆಯೇ?" ಮುಂದಿನ ಒಂದು ಪದವನ್ನು ಓದಲಾಗಲಿಲ್ಲ.

ಪ್ರಶ್ನೆ ತಮಗೇ ಕೇಳಿದ್ದೆಂದು ಅವ್ವ ತಿಳಿದರು. ಕಿಟಕಿಯ ಕಡೆ ಒಮ್ಮೆ ನೋಡಿದರು.

"ತೆರದೈತಿ ಯಪ್ಪಾ," ಅಂದರು. "ಅವತ್ತಿಂದ ತೆರದ ಐತಿ."